ಉಮರಸಾಬರ ಗಾಳಿ ಮಿಷನ್

ನಿದ್ದೆಗೂ ಬೇರೆ ಡಾಕ್ಟರಿದ್ದಾರೆಂದರೆ ಕೊಪ್ಪಳದಲ್ಲಿ ಈಗಲೂ ನಗುತ್ತಾರೆ. ನಾನು ಅಂಥ ಡಾಕ್ಟರ ಟೆಕ್ನಿಷಿಯನ್. ಗೊರಕೆಯ ನಡುವೆ ಉಸಿರು ನಿಲ್ಲುತ್ತಿದ್ದ ಭಾಗ್ಯನಗರದ ಉಮರಸಾಬರಿಗೆ, ಮಾಸ್ಕಿನಿಂದ ಗಾಳಿ ಊದುವ ಮಿಷನ್ ಕೊಟ್ಟಿದ್ದೆವು. ಅವರು ತೀರಿಕೊಂಡ ಮೇಲೆ, ಗಂಡ ಸತ್ತಾಗ ಪಾಲಿಸುವ ಇದ್ದತ್ತಿನ ತಿಂಗಳುಗಳನ್ನು ಮನೆಯೊಳಗೇ ಕಳೆದು, ಹೆಂಡತಿ ಹಸನಬೀ ಅದನ್ನು ವಾಪಸ್ ತಂದರು. ಮಾಸ್ಕಿನ ಒಳಗೆ ಉಸಿರಿನ ಒದ್ದೆಯಿತ್ತು.

"ಯಾರು ಹಾಕ್ಕೋತಾರ್ರಿ ಚಾಚಿ?"

"ಯಾರೂ ಇಲ್ಲಪಾ. ಇದರ ಸಪ್ಪಳ ಇಲ್ಲಂದ್ರ ನನಗ ನಿದ್ದಿ ಬರಂಗಿಲ್ಲ. ಹಚ್ಚಿ ಅವರ ದಿಂಬಿನ ಮ್ಯಾಲ ಇಡ್ತಿದ್ದೆ."

ಪರೀಕ್ಷಿಸಲು ಮೇಜಿನ ಮೇಲಿಟ್ಟು ಚಾಲೂ ಮಾಡಿದೆ. ಖಾಲಿ ಮಾಸ್ಕಿನಿಂದ ಗಾಳಿ ಒಂದೇ ಸಮನೆ ಭುಸ್ಸೆನ್ನಬೇಕು. ಇದು ಏರಿತು, ಇಳಿಯಿತು. ಅಂಗೈಗೆ ಬೆಚ್ಚಗೆ ತಾಗಿತು.

ಹಸನಬೀ ಮಾಸ್ಕಿನ ಪಟ್ಟಿಯನ್ನು ಸ್ವಲ್ಪ ಸಡಿಲಿಸಿದರು. "ಮೆಲ್ಲಕ ಮಾತಾಡಪಾ. ಈಗ ನಿದ್ದಿ ಹತ್ತೈತಿ ಅವರಿಗೆ."

ಪ್ಲಗ್ ಕೀಳಲು ನನಗೆ ಕೈ ಬರಲಿಲ್ಲ. ಬದುಕಿದ್ದಾಗ ನಿಂತು ನಿಂತು ಬರುತ್ತಿದ್ದ ಆ ಉಸಿರು, ಸಂಜೆಯವರೆಗೆ ಒಮ್ಮೆಯೂ ನಿಲ್ಲಲಿಲ್ಲ.