ಮೂರನೇ ಪಂಪಿನ ಸೀಲು

ಪಂಪು ಬಿಚ್ಚಿದಾಗ ಒಳಗಿದ್ದದ್ದು ಹಳೆಯ ಸೀಲೇ, ನೀರು ಸೋರದಂತೆ ತಡೆಯುವ ಬಳೆ. ಸವೆದು, ಒಂದು ಕಡೆ ಹರಿದಿತ್ತು. ರಿಪೋರ್ಟಿನಲ್ಲಿ ಮಾತ್ರ 'ರಿಪ್ಲೇಸ್ಡ್' ಎಂದಿತ್ತು—ಹೊಸದು ಹಾಕಿದೆ ಎಂದು. ಅದನ್ನು ನಂಬಿ ಪಂಪು ಓಡಿಸಿದ ಆಪರೇಟರ್ ಮೊಯ್ದಿನನ ಕೈ ಬಿಸಿನೀರು ಚಿಮ್ಮಿ ಸುಟ್ಟಿತ್ತು.

ಕೊಲ್ಲಿ ನಾಡಿನ ಮೆಸಯೀದಿನಲ್ಲಿರುವ ನಮ್ಮ ಪ್ಲಾಂಟಿನಲ್ಲಿ ಸುಳ್ಳು ರಿಪೋರ್ಟಿಗೆ ಒಂದೇ ಶಿಕ್ಷೆ. ಪಂಪಿನ ಕೆಲಸ ಮಾಡಿದ್ದ ಗದಗದ ಪಂಚಪ್ಪನ ವೀಸಾ ಗುರುವಾರ ಕ್ಯಾನ್ಸಲ್, ಕೈಗೆ ಊರಿನ ಟಿಕೆಟ್. ಸೇಫ್ಟಿ ಆಫೀಸರ್ ಝೇವಿಯರ್ ಸರ್‌ಗೆ ವಿಚಾರಣೆಗೆ ಸಿಕ್ಕಿದ್ದು ಒಂದು ದಿನ. ಹದಿನೆಂಟು ವರ್ಷ ಇದನ್ನೇ ಮಾಡಿ ಬೇಸತ್ತ ಮನುಷ್ಯ. ಟೈಪಿಸ್ಟ್ ಡ್ಯಾರೆಲ್, ಅಂದರೆ ನಾನು, ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತಿದ್ದೆ. ಆಫೀಸಿನಲ್ಲಿ ಚಂದದ ಇಂಗ್ಲಿಷ್ ಎಂದರೆ ನನ್ನದೇ.

"ಹೊಸ ಸೀಲು ಹಾಕಿದೆಯಾ, ಪಂಚಪ್ಪ?" ಸರ್ ಕೇಳಿದರು.

"ಇಲ್ರೀ ಸರ. ಸ್ಟೋರಿನ್ಯಾಗ ಇರಲಿಲ್ಲ. ಹಳೇದನ್ನ ಸರಿ ಮಾಡಿ ಕೂಡ್ಸೀನಿ. ಹಂಗ ಚೀಟಿ ಬರದು ಕೊಟ್ಟೀನ್ರಿ."

"ಚೀಟಿ ಎಲ್ಲಿ?"

ಸೂಪರ್‌ವೈಸರ್ ಯೂಸ್ಟೇಸ್ ಗೊಣಗಿದರು. "ದಿನಕ್ಕೆ ನಲವತ್ತು ಚೀಟಿ ಬರ್ತದೆ ಸರ್. ಟೈಪಿಗೆ ಕಳಿಸ್ತೇನೆ, ರಿಪೋರ್ಟಿಗೆ ಸೈನ್ ಹಾಕ್ತೇನೆ. ಚೀಟಿ ಕಸಕ್ಕೆ. ಖಲಾಸ್."

"ಓದಿ ಸೈನ್ ಹಾಕ್ತೀರಾ?"

ಯೂಸ್ಟೇಸ್ ಮೇಜಿನ ಮೇಲಿದ್ದ ಪೆನ್ನು ಜೇಬಿಗೆ ಹಾಕಿಕೊಂಡರು. ಕಳ್ಳ ಇವರೇ ಎಂದುಕೊಂಡೆ.

ಝೇವಿಯರ್ ಸರ್ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ಡ್ಯಾರೆಲ್, ರಿಪೋರ್ಟ್ ಓದು. ಮೂರೂ ಸಾಲು."

ಓದಿದೆ. "ಒಂದನೇ ಪಂಪು—ರಿಪೇರ್ಡ್. ಎರಡನೇದು—ರೆಕ್ಟಿಫೈಡ್. ಮೂರನೇದು—ರಿಪ್ಲೇಸ್ಡ್."

"ಪಂಚಪ್ಪ, ರೆಕ್ಟಿಫೈಡ್ ಅಂದ್ರೆ ಎಂತ?"

"ಗೊತ್ತಿಲ್ರಿ. ನಾ ಬರಿಯೋದು ಒಂದ ಶಬ್ದ, ರಿಪೇರ್. ಮೂರೂ ಪಂಪಿಗೆ ಅದನ್ನ ಬರದೀನಿ."

"ನೋಡು ಮಾರಾಯ," ಸರ್ ನನ್ನತ್ತ ತಿರುಗಿದರು. "ಎಲ್ಲರೂ ಮೂರನೇ ಸಾಲು ಹಿಡಿದು ಕೂತರು. ಎರಡನೇದನ್ನು ಯಾರೂ ನೋಡ್ಲಿಲ್ಲ, ರೆಕ್ಟಿಫೈಡ್ ಅಂದ್ರೂ ಸರಿ ಮಾಡಿದ್ದೇ. ಒಂದೇ ಕೆಲಸಕ್ಕೆ ಮೂರು ಶಬ್ದ ಹುಡುಕುವ ಪುರುಸೊತ್ತು ಪಂಚಪ್ಪನಿಗೂ ಇಲ್ಲ, ಯೂಸ್ಟೇಸರಿಗೂ ಇಲ್ಲ. ಬಂದ ಶಬ್ದವೇ ಮತ್ತೆ ಬಂದ್ರೆ ಭಾಷೆ ಕೆಡ್ತದೆ ಅಂತ ಕಾನ್ವೆಂಟಲ್ಲಿ ಕಲಿತವನ ಕೆಲಸ ಇದು. ಅಲ್ವಾ?"

ಹೌದು, ನಾನೇ. ಟೈಪ್ ಮಾಡುವಾಗ ಚಂದ ಕಾಣಲೆಂದು ಬದಲಿಸಿದ್ದೆ. ನನಗೆ ಮೂರೂ ಒಂದೇ ಥರದ ಶಬ್ದ. ಬದಲಿಸಿದ್ದು ನೆನಪೂ ಇರಲಿಲ್ಲ. ಪಂಚಪ್ಪ ನನ್ನನ್ನೇ ನೋಡುತ್ತಿದ್ದ. ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಹೊಸ ರಿಪೋರ್ಟ್ ಟೈಪ್ ಮಾಡು," ಎಂದರು ಸರ್. "ತಪ್ಪು ಯಾರದು ಅಂತಲೂ ಹಾಕು."

ರಿಪೇರ್ಡ್. ರಿಪೇರ್ಡ್. ರಿಪೇರ್ಡ್. ಕೆಳಗೆ ತಪ್ಪು ಯಾರದು ಎಂಬಲ್ಲಿ ಪಂಚಪ್ಪನ ಹೆಸರು ತೆಗೆದು ನನ್ನ ಹೆಸರು ಹಾಕಿದೆ. ಗುರುವಾರದ ಟಿಕೆಟ್ ಈಗ ಯಾರಿಗೆ ಎಂದು ನಾನು ಕೇಳಲಿಲ್ಲ.