ಮಣ್ಣು ತೊಳೆದ ಮುಖ

“ಆ ಮುಖದ ಮಣ್ಣು ಮುಟ್ಬೇಡಿ ದೊರೆ. ಕಣ್ಣು ಬಿಟ್ರೆ ಪಕ್ಕ ಕೂತವರ ಉಸಿರು ಹೀರತ್ತೆ,” ಎಂದಳು ನಬ್ರಾ.

ಹಾರ್‌ಗ್ರೀವ್ ದೊರೆ ನಕ್ಕುಬಿಟ್ಟ. ನೈಲ್ ದಂಡೆಯ ಪಾಳುಗುಡಿಗಳ ಚಿತ್ರ ಹಿಡಿಯಲು ಮೂರು ಕಾಲಿನ ಪೆಟ್ಟಿಗೆ ಹೊರಿಸಿಕೊಂಡು ಬಂದವನಿಗೆ ನೀರು ಹೊರುವ ನುಬಿಯಾದ ಹೆಂಗಸಿನ ಮಾತು ಯಾವ ಲೆಕ್ಕ? ಪ್ರತಿ ಪ್ರವಾಹ ಇಳಿದಾಗಲೂ ಅವಳ ಮನೆಯವರು ಮಣ್ಣು ಮೆತ್ತುತ್ತ ಬಂದಿದ್ದ ಆ ವಿಗ್ರಹದ ಮುಖವನ್ನು ಅವಳೇ ತಂದ ನೀರಿನಲ್ಲಿ ತೊಳೆಸಿದ. ನಬ್ರಾಳ ಮೈಯೆಲ್ಲ ಉರಿದುಹೋಯಿತು. ಸಾಲದ್ದಕ್ಕೆ, ವಿಗ್ರಹದ ಅಳತೆ ತಿಳಿಯಲೆಂದು ಅವಳ ತಮ್ಮ ಕರ್ರಾರನನ್ನು, ಎದುರಿನಿಂದ ನೋಡುವವರಿಗೆ ಬಲಕ್ಕೆ ಕಾಣುವಂತೆ, ಅದರ ಪಕ್ಕ ಕೂರಿಸಿದ. ಕಲ್ಲಿನ ರಾಜ ಕುತ್ತಿಗೆಯವರೆಗೆ ಮರಳಲ್ಲಿ ಹೂತಿದ್ದ. ಇಬ್ಬರ ತಲೆಯೂ ಸಮಸಮ.

“ಬಿಡಕ್ಕಾ, ಚಿತ್ರದಲ್ಲಾದ್ರೂ ರಾಜನ ಪಕ್ಕ ಕೂತ್ಕೋತೀನಿ,” ಎಂದು ಕರ್ರಾರ್ ಅವಳನ್ನೇ ಕಿಚಾಯಿಸಿದ.

ಸುಡು ಮಧ್ಯಾಹ್ನ. ಕಂಬಗಳ ಮೇಲಿನ ಪಾರಿವಾಳಗಳು ಒಮ್ಮೆಗೇ ಸುಮ್ಮನಾದವು. ಹಸಿಮಣ್ಣಿನ ವಾಸನೆಯೊಳಗಿಂದ ಕೊಳೆತ ಮಾಂಸದ ನಾತ ಎದ್ದಿತು. ದೊರೆ ಪೆಟ್ಟಿಗೆಯ ಕಣ್ಣು ಮುಚ್ಚಿ, ಚಿತ್ರ ಹಿಡಿದ ಗಾಜನ್ನು ಅದರಿಂದ ತೆಗೆದುಕೊಂಡು ಗುಡಾರಕ್ಕೆ ನಡೆದ. ಕರ್ರಾರ್ ಏಳಲಿಲ್ಲ. ಅವನ ಕಣ್ಣಗುಡ್ಡೆಯ ಮೇಲೆ ನೊಣ ಕೂತಿತ್ತು. ರೆಪ್ಪೆ ಬಡಿಯಲಿಲ್ಲ.

“ಅಕ್ಕಾ, ಬಿಡ್ತಿಲ್ಲ ಇದು,” ಎಂದು ಉಸಿರಿಲ್ಲದೆ ತೊದಲಿದ.

ನಬ್ರಾ ಗುಡಾರಕ್ಕೆ ಓಡಿ, ತಮ್ಮನ ಉಸಿರು ಅದರಲ್ಲಿ ಸಿಕ್ಕಿದೆ, ಗಾಜು ಒಡೆಯಿರೆಂದು ದೊರೆಯ ಕಾಲು ಹಿಡಿದಳು. ಬಿಸಿಲು ತಲೆಗೇರಿದೆ, ನೀರು ಕುಡಿಸು ಎಂದು ಗೊಣಗಿ ದೊರೆ ಮುಂದಿನ ಚಿತ್ರಕ್ಕೆ ನೆರಳು ನೋಡಲು ಹೊರಟುಹೋದ. ಅಯ್ಯೋ ಪಾಪಿ!

ಒಳಗೆ ಕತ್ತಲು. ಮೂಗು ಸುಡುವ ಔಷಧಿಯ ಘಾಟು. ಒದ್ದೆ ಗಾಜಿನಲ್ಲಿ ಎರಡು ಮುಖ, ಎರಡೂ ಒಂದೇ, ಎರಡೂ ಅವಳನ್ನೇ ನೋಡುತ್ತಿದ್ದವು. ಆ ಗುಡಿಯ ಗೋಡೆಯ ಮೂರ್ತಿಗಳ ಕಣ್ಣನ್ನೆಲ್ಲ ಅವಳ ಹಿರಿಯರು ಉಳಿಯಿಂದ ಕಿತ್ತಿದ್ದರು. ಕುರುಡು ಕಲ್ಲು ಯಾರನ್ನೂ ಏನೂ ಮಾಡದು. ಮರಳಲ್ಲಿ ಹೂತ ಈ ರಾಜನ ಕಣ್ಣಿಗೆ ಉಳಿ ಇಡಲು ಮಾತ್ರ ಅವರಿಗೂ ಧೈರ್ಯ ಬಂದಿರಲಿಲ್ಲ. ನಬ್ರಾ ಸೆರಗಿನ ಸೂಜಿ ಕಿತ್ತಳು. ತಮ್ಮ ಬಲಕ್ಕೆ. ಕಲ್ಲು ಎಡಕ್ಕೆ. ಎಡದ ಮುಖ. ಕೆರೆದಳು. ಎರಡೂ ಕಣ್ಣು. ಇನ್ನೂ ಕೆರೆದಳು.

ಹೊರಗೆ ಕರ್ರಾರ್ ಚೀರಿದ.

ದೊರೆ ನುಗ್ಗಿ ಬಂದು ಗಾಜು ಕಿತ್ತುಕೊಂಡ. “ಹಾಳ್ಮಾಡಿದ್ಯಲ್ಲೇ! ಗಾಜಲ್ಲಿ ಎಡ ಬಲ ಆಗತ್ತೆ, ಬಲ ಎಡ ಆಗತ್ತೆ. ನೀನು ಕೆರೆದಿರೋದು ನಿನ್ನ ತಮ್ಮನ್ನ.”

ನಬ್ರಾ ಹೊರಗೋಡಿದಳು. ಕರ್ರಾರ್ ಮುಖ ಮುಚ್ಚಿಕೊಂಡು ಉರುಳಾಡುತ್ತಿದ್ದ. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ಕಣ್ಣು ಹೋದವನನ್ನು ಕಲ್ಲು ಬಿಟ್ಟುಕೊಟ್ಟಿತ್ತು. ಹಿಂದೆಯೇ ಬಂದ ದೊರೆ, ಇನ್ನೊಂದು ಗಾಜಿದೆ, ಕಲ್ಲಿನ ಪಕ್ಕಕ್ಕೆ ಬೇರೆ ಯಾರನ್ನಾದರೂ ಕರೆದು ಕೂರಿಸು ಎಂದ.

“ನೀವೇ ಕೂತ್ಕೊಳ್ಳಿ ದೊರೆ.”

ನಬ್ರಾ ಅವನ ಕೊರಳಪಟ್ಟಿ ಹಿಡಿದು ಕಲ್ಲಿನ ಪಕ್ಕಕ್ಕೆ ದಬ್ಬಿ ಕೂರಿಸಿದಳು. ಅವನ ಬೈಗುಳ ಅರ್ಧಕ್ಕೇ ನಿಂತಿತು. ಅವಳು ತಮ್ಮನ ಕೈ ಹಿಡಿದು ಎಬ್ಬಿಸಿ, ದಾರಿಯ ಕಲ್ಲು ಎಲ್ಲಿದೆ, ಹೊಸಿಲು ಎಲ್ಲಿದೆ ಎಂದು ಹೇಳುತ್ತ ಮನೆಯತ್ತ ನಡೆಸಿಕೊಂಡು ಹೋದಳು.