ಭಾನುವಾರ ಮುಹೂರ್ತ ಇಲ್ಲ

"ಢಂ!"

ಒಂದೇ ಒಂದು ಏಟು... ಅಷ್ಟೇ!

ಹಾಲ್‌ನಲ್ಲಿದ್ದ ಪುಟಾಣಿಗಳೆಲ್ಲ ಒಂದು ಕ್ಷಣ ಬಾಯಿ ಬಿಟ್ಟುಕೊಂಡು ನೋಡಿದವು. ಆಮೇಲೆ ಒಂದು ಅತ್ತಿತು. ಅದನ್ನು ನೋಡಿ ಪಕ್ಕದ್ದು ಅತ್ತಿತು. ಕೊನೆಗೆ ಎಲ್ಲವೂ ಸೇರಿ ಸೂರು ಹಾರಿಹೋಗುವಂತೆ ಅಳತೊಡಗಿದವು. ಅಪ್ಪಂದಿರು ಕಂಗಾಲು, ಅಮ್ಮಂದಿರು ಕೆಂಡಾಮಂಡಲ!

ವಚನಾ ಕೈಯಲ್ಲಿದ್ದ ಗಿಲಕಿಯನ್ನು ಕೆಳಗಿಟ್ಟು ಬಾಗಿಲ ಕಡೆ ತಿರುಗಿದಳು. ಅಲ್ಲಿ ಬಿಳಿ ಪಂಚೆ ಉಟ್ಟ ಯುವಕನೊಬ್ಬ ಕೊರಳಿಗೆ ದೊಡ್ಡ ಡೋಲು ನೇತುಹಾಕಿಕೊಂಡು, ಕೋಲು ಹಿಡಿದ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತಿದ್ದ.

"ಏನ್ರೀ ಇದು? ಇದನ್ನ ಮದುವೆ ಛತ್ರ ಅಂದ್ಕೊಂಡ್ರಾ?"

"ಛತ್ರದಲ್ಲಿ ಇನ್ನೂ ಜೋರಾಗಿ ಬಾರಿಸ್ತೀನಿ ಮೇಡಂ... ಮಕ್ಕಳು ಅಂತ ಮೆಲ್ಲಗೆ ಬಾರಿಸ್ದೆ."

"ಇದು ಮೆಲ್ಲಗಾ?!"

ಮೂಲೆಯಲ್ಲಿ ಮೊಮ್ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡಿದ್ದ ಮುನಿಲಕ್ಷ್ಮಮ್ಮ ತಲೆ ಚಚ್ಚಿಕೊಂಡರು. "ಅಯ್ಯೋ ಮಿಸ್, ತಾಳ ಹಾಕೋರು ಬೇಕು ಅಂದಿದ್ರಲ್ಲ... ನಮ್ಮ ಬ್ಯಾಡರಹಳ್ಳಿ ಬೈರಪ್ಪನ ಮಗ, ಕಾಂತರಾಜು ಅಂತ. ನಾನೇ ಕಳಿಸಿದ್ದು ಕಣವ್ವ!"

ಚಂದ್ರಾ ಲೇಔಟಿನ ಒಂದು ದರ್ಶಿನಿಯ ಮೇಲಿನ ಮಹಡಿಯದು. ಪ್ರತಿ ಭಾನುವಾರ ಬೆಳಗ್ಗೆ ಅಲ್ಲಿ ವಚನಾಳ 'ತೊದಲು' ತರಗತಿ. ಅಂಬೆಗಾಲಿಡುವ ಮಗುವಿನಿಂದ ಹಿಡಿದು ನಾಲ್ಕು ವರ್ಷದವರೆಗಿನ ಮಕ್ಕಳು ಅಲ್ಲಿಗೆ ಬರುತ್ತಿದ್ದರು, ಜೊತೆಗೆ ಅಪ್ಪನೋ ಅಮ್ಮನೋ ಅಜ್ಜಿಯೋ ಇರಲೇಬೇಕು. ದೊಡ್ಡವರೂ ಹಾಡಬೇಕು, ಕುಣಿಯಬೇಕು, ನೆಲದ ಮೇಲೆ ಉರುಳಬೇಕು. ಸಂಗೀತದಲ್ಲಿ ವಿದ್ವತ್ ಮುಗಿಸಿದ ಹುಡುಗಿ ಕಛೇರಿ ಮಾಡುವುದು ಬಿಟ್ಟು ಮಕ್ಕಳ ಜೊತೆ ಗಿಲಕಿ ಅಲ್ಲಾಡಿಸುತ್ತಾಳಲ್ಲ ಎಂದು ಅವಳಮ್ಮನಿಗೆ ಬೇಸರ. ವಚನಾಳಿಗೆ ಮಾತ್ರ ವಾರದ ಏಳೂ ದಿನ ಭಾನುವಾರವೇ ಆಗಿದ್ದರೆ ಎಷ್ಟು ಚೆನ್ನ ಅನ್ನಿಸುತ್ತಿತ್ತು.

ಕಾಂತರಾಜು ಡೋಲನ್ನು ಕೊರಳಿಂದ ತೆಗೆದು ಗೋಡೆಗೆ ಒರಗಿಸಿದ. ಚಾಪೆಯ ಮೇಲೆ ಬೋರಲು ಮಲಗಿ, ಅಳುತ್ತಿರುವ ಮಕ್ಕಳ ಎತ್ತರಕ್ಕೇ ಮುಖ ತಂದ. ಬರೀ ಬೆರಳ ತುದಿಯಲ್ಲಿ ನೆಲ ತಟ್ಟತೊಡಗಿದ.

ತಕಿಟ... ತಕಿಟ... ತಕಧಿಮಿ...

ಅಳು ಒಂದೊಂದಾಗಿ ನಿಂತಿತು. ಒಂದು ಮಗು ತೆವಳಿಕೊಂಡು ಬಂದು ಅವನ ಬೆರಳನ್ನೇ ಹಿಡಿದುಕೊಂಡಿತು. ಇನ್ನೊಂದು ಬೆನ್ನ ಮೇಲೆ ಹತ್ತಿ ಕೂತಿತು!

'ಅಬ್ಬಾ, ಇಷ್ಟು ದೊಡ್ಡ ಕೈಯಲ್ಲಿ ಇಷ್ಟು ಮೆದುವಾದ ಸದ್ದಾ?' ವಚನಾಳ ಸಿಟ್ಟೆಲ್ಲ ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ. ಆದರೂ ಬಿಗುಮಾನ ಬಿಡಬೇಕಲ್ಲ!

"ಮುಂದಿನ ವಾರ ಬನ್ನಿ," ಎಂದಳು ಮುಖ ಗಂಟಿಕ್ಕಿಯೇ. "ಡೋಲು ಮನೇಲಿಟ್ಟು ಬನ್ನಿ."

"ಆಷಾಢ ಮುಗಿಯೋವರ್ಗೂ ಬರ್ತೀನಿ ಮೇಡಂ. ಈಗ ಮದುವೆಗಳಿಲ್ಲ, ನಮ್ಗೆ ರಜ. ಶ್ರಾವಣ ಬಂತು ಅಂದ್ರೆ ನಾನು ಕೈಗೆ ಸಿಗಲ್ಲ."

ಹಾಗೆ ಶುರುವಾಯಿತು ನೋಡಿ ಆ ಆಷಾಢ! ಮದುವೆ ಮಾತೇ ಎತ್ತಬಾರದ ತಿಂಗಳಲ್ಲಿ ನಮ್ಮ ಹುಡುಗಿಯ ಮನಸ್ಸು ಜಾರತೊಡಗಿತ್ತು.

ತರಗತಿಯ ಕೊನೆಗೆ ಜೋಗುಳದ ಹೊತ್ತು. ಕಿಟಕಿಯ ಪರದೆ ಎಳೆದು ಎಲ್ಲರೂ ಚಾಪೆಯ ಮೇಲೆ ಮಲಗುತ್ತಿದ್ದರು. ಬಣ್ಣದ ಪರದೆಯಿಂದ ಸೋಸಿಬಂದ ಬಿಸಿಲು ತೆಳ್ಳಗೆ ಕೇಸರಿಯಾಗಿ ಹಾಲ್ ತುಂಬುತ್ತಿತ್ತು. ಕೆಳಗಿನ ದರ್ಶಿನಿಯಿಂದ ಕಾಫಿಯ ಘಮ ಮೆಟ್ಟಿಲು ಹತ್ತಿ ಬರುತ್ತಿತ್ತು. ವಚನಾ ಸಣ್ಣ ದನಿಯಲ್ಲಿ ಹಾಡುತ್ತಿದ್ದಳು, ಕಾಂತರಾಜು ನೆಲ ತಟ್ಟುತ್ತಿದ್ದ. ಮಕ್ಕಳಿಗಿಂತ ಮೊದಲು ಅಪ್ಪಂದಿರು ಗೊರಕೆ ಹೊಡೆಯುತ್ತಿದ್ದರು!

ಮುನಿಲಕ್ಷ್ಮಮ್ಮನ ಮೊಮ್ಮಗಳು ಇಂಪನಾ ಮಾತ್ರ ಬಂದಾಗಿನಿಂದ ತುಟಿ ಬಿಚ್ಚಿರಲಿಲ್ಲ. ಕೈ ತಟ್ಟು ಅಂದರೆ ತಟ್ಟುತ್ತಿರಲಿಲ್ಲ, ನಗು ಅಂದರೆ ನಗುತ್ತಿರಲಿಲ್ಲ. ಕಾಂತರಾಜು ಅವಳನ್ನು ಏನನ್ನೂ ಕೇಳಲೇ ಇಲ್ಲ. ಪ್ರತಿ ವಾರ ಜೋಗುಳದ ಹೊತ್ತಿಗೆ ಅವಳ ಪಕ್ಕ ಮಲಗಿ, ಎರಡು ಸಲ ನೆಲ ತಟ್ಟಿ ಸುಮ್ಮನಾಗುತ್ತಿದ್ದ.

ಆಷಾಢದ ಕೊನೆಯ ಭಾನುವಾರ, ಆ ಕೇಸರಿ ಬೆಳಕಿನಲ್ಲಿ, ಒಂದು ಪುಟ್ಟ ಬೆರಳು ಎರಡು ಸಲ ನೆಲ ತಟ್ಟಿತು.

ಕಾಂತರಾಜು ತಲೆಯೆತ್ತಿ ಹಾಡುತ್ತಿದ್ದ ವಚನಾಳನ್ನೇ ನೋಡಿದ. ಇಬ್ಬರ ಕಣ್ಣಲ್ಲೂ ನೀರು! ಅವಳು ಹಾಡು ನಿಲ್ಲಿಸಲಿಲ್ಲ, ಅವನು ಕಣ್ಣು ತೆಗೆಯಲಿಲ್ಲ... ಎಷ್ಟು ಹೊತ್ತು ಹಾಗೇ ಇದ್ದರೋ ದೇವರೇ ಬಲ್ಲ.

'ಮುಗೀತು ಕಣೇ ವಚನಾ ನಿನ್ನ ಕಥೆ,' ಎಂದುಕೊಂಡಳು. 'ಶ್ರಾವಣ ಬಂದ್ರೆ ಇವ್ರು ಹೋಗ್ಬಿಡ್ತಾರೆ. ಆಗೇನ್ ಮಾಡ್ತೀಯ?'

ಶ್ರಾವಣ ಬಂತು. ಭಾನುವಾರವೂ ಬಂತು. ಮೆಟ್ಟಿಲ ಮೇಲೆ ಅದೇ ಹೆಜ್ಜೆ ಸದ್ದು!

"ನೀವು?! ಮದುವೆ ಸೀಸನ್ ಅಂದಿದ್ರಿ?"

"ಈ ಭಾನುವಾರ ಮುಹೂರ್ತ ಇಲ್ಲ ಮೇಡಂ," ಎಂದ ಚಾಪೆ ಹಾಸುತ್ತಾ.

ಅದರ ಮುಂದಿನ ವಾರವೂ ಅದೇ ಉತ್ತರ. ಅದರ ಮುಂದಿನ ವಾರವೂ ಅದೇ. ಪಂಚಾಂಗದ ತಲೆಬುಡ ತಿಳಿಯದ ನಮ್ಮ ವಚನಾ, ಭಾನುವಾರಗಳಿಗೆ ಒಳ್ಳೆಯ ಮುಹೂರ್ತ ಕೊಡದ ದೇವರಿಗೆ ಮನಸ್ಸಿನಲ್ಲೇ ಕೈ ಮುಗಿದಳು.

ಆದರೆ ಮನೆಯಲ್ಲಿ ಅಮ್ಮ ಸುಮ್ಮನಿರಬೇಕಲ್ಲ? ಮಹಾಲಕ್ಷ್ಮಿ ಲೇಔಟಿನ ಒಂದು ಸಂಬಂಧ ಬಂದಿತ್ತು. ಹುಡುಗ ಒಳ್ಳೆಯವನೇ, ಹೆಸರಿಡುವ ಹಾಗಿರಲಿಲ್ಲ. "ಬರೋ ಭಾನುವಾರ ಸಾಯಂಕಾಲ ನಾಲ್ಕಕ್ಕೆ ಬಂದು ತಾಂಬೂಲ ಬದಲಾಯಿಸ್ಕೋತೀವಿ ಅಂತಿದಾರೆ ಕಣೇ. ಏನ್ ಹೇಳ್ಲಿ?" ಎಂದು ಅಮ್ಮ ಪಟ್ಟು ಹಿಡಿದು ಕೂತರು.

ಅವತ್ತು ತರಗತಿ ಮುಗಿದು ಎಲ್ಲರೂ ಹೋದ ಮೇಲೆ ವಚನಾ ಧೈರ್ಯ ಮಾಡಿದಳು. ಕಾಂತರಾಜು ಗಿಲಕಿಗಳನ್ನು ಬುಟ್ಟಿಗೆ ತುಂಬುತ್ತಿದ್ದ.

"ನಂಗೆ ಒಂದು ಸಂಬಂಧ ಬಂದಿದೆ..." ಎಂದಳು. 'ಬೇಡ ಅನ್ನಿ. ಒಂದೇ ಒಂದು ಮಾತು, ಬೇಡ ಅನ್ನಿ ಸಾಕು!'

ಅವನ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಗಿಲಕಿ ಎತ್ತಿಕೊಂಡಿತು.

"ಒಳ್ಳೇದಾಯ್ತು ಮೇಡಂ. ಡೇಟ್ ಗೊತ್ತಾದ್ ತಕ್ಷಣ ಹೇಳ್ಬಿಡಿ. ನಮ್ಮಪ್ಪಂಗೆ ಹೇಳಿ ಒಳ್ಳೆ ವಾಲಗದ ಸೆಟ್ ಕಳಿಸ್ತೀನಿ."

"ಅಷ್ಟೇನಾ?"

"ಮತ್ತೇನಿದೆ ಮೇಡಂ..."

ಅವನು ಬಗ್ಗಿಸಿದ ತಲೆ ಎತ್ತಲಿಲ್ಲ. ಎತ್ತಿದ್ದರೆ ಅವಳಿಗೆ ಎಲ್ಲವೂ ಕಾಣುತ್ತಿತ್ತು!

ಆ ಸಂಜೆ ಅವಳು ಅಮ್ಮನಿಗೆ "ನಿನ್ನಿಷ್ಟ" ಎಂದಳು. ಕೋಣೆಯ ಬಾಗಿಲು ಹಾಕಿಕೊಂಡು ದಿಂಬು ಒದ್ದೆಯಾಗುವಷ್ಟು ಅತ್ತಳು. ಶನಿವಾರ ಅವನಿಂದ ಮೆಸೇಜ್ ಬಂತು: 'ಮುಹೂರ್ತಗಳು ಶುರುವಾದವು ಮೇಡಂ. ಇನ್ಮೇಲೆ ಬರೋಕಾಗಲ್ಲ. ಮಕ್ಕಳಿಗೆ ಹೇಳಿ.'

ಮಕ್ಕಳಿಗೆ ಏನಂತ ಹೇಳುವುದು? ಭಾನುವಾರ ಎಲ್ಲವೂ ಬಾಗಿಲ ಕಡೆಗೇ ನೋಡುತ್ತಿದ್ದವು. ವಚನಾ ನಕ್ಕಳು, ಕುಣಿದಳು, ಜೋಗುಳವನ್ನೂ ಹಾಡಿದಳು. ಅಂತೂ ತರಗತಿ ಮುಗಿಯಿತು. ಸಂಜೆ ನಾಲ್ಕಕ್ಕೆ ತಾಂಬೂಲ.

"ಎಲ್ಲಿ ಮಿಸ್ ನಮ್ಮ ರಾಜು?" ಇಂಪನಾಳ ಚಪ್ಪಲಿ ಹುಡುಕುತ್ತಾ ಮುನಿಲಕ್ಷ್ಮಮ್ಮ ಕೇಳಿದರು.

"ಮುಹೂರ್ತ ಶುರುವಾಯ್ತಂತೆ ಆಂಟಿ. ಇನ್ಮೇಲೆ ಬರಲ್ವಂತೆ."

ಮುನಿಲಕ್ಷ್ಮಮ್ಮ ಚಪ್ಪಲಿ ಬಿಟ್ಟು ಮೇಲೆದ್ದರು. "ಈಗ ಶುರುವಾಯ್ತಾ?! ಶ್ರಾವಣ ಬಂದಾಗಿಂದ ಒಂದು ಭಾನುವಾರನಾದ್ರೂ ಖಾಲಿ ಇತ್ತೇನವ್ವ? ಛತ್ರ ಸಿಗದೆ ಜನ ಒದ್ದಾಡ್ತಾವ್ರೆ!"

"ಮತ್ತೆ... ಮುಹೂರ್ತ ಇಲ್ಲ ಅಂತಿದ್ರು?"

"ಅಯ್ಯೋ ನನ್ ಮಗಳೇ! ಬೈರಪ್ಪ ದಿನಾ ಬೈಯೋದು ನಮ್ಮ ಬೀದಿಗೆಲ್ಲ ಕೇಳಿಸ್ತದೆ. 'ಭಾನುವಾರ ಬೆಳಗ್ಗೆ ಮಾತ್ರ ನನ್ನ ಕರೀಬೇಡಿ' ಅಂತ ತನ್ನ ಬದ್ಲು ಚಿಕ್ಕಪ್ಪನ ಮಗನ್ನ ಕಳಿಸ್ತಿದ್ದ. ಇಲ್ಲಿಗ್ ಬರೋಕೆ ಪಂಚೆ ಇಸ್ತ್ರಿ ಮಾಡ್ಕೊಂಡು ಹೊತ್ತಾರೆಗೇ ಕಾಯ್ತಾ ಕೂತಿರೋನು!"

ಎಲ್ಲವೂ ಸುಳ್ಳು! ಒಂದೊಂದು ಭಾನುವಾರವೂ ಅವಳಿಗಾಗಿಯೇ ಹೇಳಿದ ಸುಳ್ಳು! ಅಪ್ಪನ ಬೈಗುಳ ತಿಂದು, ಕಸುಬು ಬಿಟ್ಟು ಬಂದವನಿಗೆ ಅವಳು ಇನ್ನೊಬ್ಬರ ಸಂಬಂಧದ ಸುದ್ದಿ ಹೇಳಿದ್ದಳು...

"ಇವತ್ತು ಎಲ್ಲಿದಾರೆ ಆಂಟಿ?"

"ವಿಜಯನಗರದ ಛತ್ರದಾಗೆ. ಹನ್ನೆರಡಕ್ಕೆ ಧಾರೆ." ಮುನಿಲಕ್ಷ್ಮಮ್ಮ ಅವಳ ಮುಖವನ್ನೊಮ್ಮೆ ನೋಡಿದರು. "ಚಾಪೆ ನಾನು ಮಡಚ್ತೀನಿ. ನೀ ಹೋಗವ್ವ!"

ಆಟೋ ಇಳಿದು ವಚನಾ ಛತ್ರದೊಳಗೆ ನುಗ್ಗಿದಾಗ ಮಂಟಪದ ಸುತ್ತ ಜನವೋ ಜನ. ಮಲ್ಲಿಗೆಯ ಘಮ, ರೇಷ್ಮೆಯ ಸರಭರ, ನಾದಸ್ವರದ ಇಂಪು... ಎಲ್ಲವೂ ಕನಸಿನಲ್ಲಿ ನಡೆಯುತ್ತಿದ್ದಂತೆ ಇತ್ತು. ಮಂಟಪದ ಪಕ್ಕದ ಪುಟ್ಟ ಜಗಲಿಯ ಮೇಲೆ ನಾದಸ್ವರ ಊದುವ ಬೈರಪ್ಪ, ಅವರ ಪಕ್ಕದಲ್ಲಿ ಅವನು. ಮುಖ ಬಾಡಿ ಬಸವಳಿದಿತ್ತು.

ಅವಳು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಳು. ಪಕ್ಕದಲ್ಲಿದ್ದ ಹೆಂಗಸು ಅಕ್ಷತೆ ಕೊಡುತ್ತಾ ನಕ್ಕರು. "ಹೆಣ್ಣಿನ ಕಡೆಯೋರಾ, ಗಂಡಿನ ಕಡೆಯೋರಾ?"

"ಡೋಲಿನ ಕಡೆ," ಎಂದಳು ವಚನಾ!

"ಗಟ್ಟಿಮೇಳ! ಗಟ್ಟಿಮೇಳ!" ಪುರೋಹಿತರು ಕೈ ಎತ್ತಿ ಕೂಗಿದರು.

ಕಾಂತರಾಜು ಕೋಲು ಎತ್ತಿದ. ಎತ್ತಿದವನು ಎದುರಿಗೆ ನೋಡಿದ. ಕೋಲು ಗಾಳಿಯಲ್ಲೇ ನಿಂತುಬಿಟ್ಟಿತು!

ಬೈರಪ್ಪ ಊದುತ್ತಲೇ ಮೊಣಕೈಯಿಂದ ಮಗನನ್ನು ತಿವಿದರು. ಆಗ ಬಿತ್ತು ನೋಡಿ ಏಟು! ಛತ್ರದ ಗೋಡೆ ನಡುಗಿತು. ಅಕ್ಷತೆ ಸುರಿಯಿತು. ಅವನ ಕಣ್ಣಿಂದ ನೀರು ಸುರಿಯುತ್ತಿದ್ದುದನ್ನು ಇಡೀ ಸಭೆಯಲ್ಲಿ ಕಂಡವಳು ಅವಳೊಬ್ಬಳೇ.

ಧಾರೆ ಮುಗಿದ ಮೇಲೆ ಊಟದ ಹಾಲ್‌ನ ಹಿಂದಿನ ಹಜಾರದಲ್ಲಿ ಅವನು ಸಿಕ್ಕಿದ.

"ಮುಹೂರ್ತ ಇಲ್ಲ ಅಂತ ಯಾಕ್ರೀ ಸುಳ್ಳು ಹೇಳಿದ್ರಿ?"

ಅವನು ತಲೆ ತಗ್ಗಿಸಿದ. "ನಿಜ ಹೇಳಿದ್ರೆ, 'ನಿಮ್ಮ ಕಸುಬು ನೋಡ್ಕೊಳ್ಳಿ, ಬರ್ಬೇಡಿ' ಅಂತಿದ್ರಿ. ನಂಗೆ... ಬರ್ದೆ ಇರೋಕೆ ಆಗ್ತಿರ್ಲಿಲ್ಲ."

"ಮತ್ತೆ ಸಂಬಂಧ ಅಂದಾಗ? ವಾಲಗ ಕಳಿಸ್ತೀನಿ ಅಂದ್ರಲ್ಲ! ಎಷ್ಟು ಅತ್ತೆ ಗೊತ್ತಾ ನಾನು?"

"ಇನ್ನೇನ್ ಹೇಳ್ಲಿ?" ಅವನ ದನಿ ಒಡೆಯಿತು. "ಎಷ್ಟೋ ಮದುವೇಲಿ ಬಾರಿಸಿದೀನಿ. ಎಲ್ಲಾ ಕಡೆ ನಮ್ಗೆ ಕೊನೇ ಪಂಕ್ತಿ. ಮದುವೆ ಮನೆಗೆ ನಾವು ಬೇಕು, ಮನೆ ಒಳಗೆ ಸಂಬಂಧ ಕೇಳ್ಕೊಂಡು ಬಂದ್ರೆ ಯಾರ್ ಒಪ್ತಾರೆ? ಅದ್ಕೇ ಬಾಯಿ ಮುಚ್ಕೊಂಡೆ. ಆದ್ರೆ ನಿಮ್ಮ ಮದುವೇಲಿ ಗಟ್ಟಿಮೇಳ ಬಾರ್ಸೋಕೆ ನನ್ ಕೈ ಏಳ್ತಿರ್ಲಿಲ್ಲ. ಅಪ್ಪನಾಣೆ ಏಳ್ತಿರ್ಲಿಲ್ಲ!"

ವಚನಾ ಕಣ್ಣೊರೆಸಿಕೊಂಡಳು. "ನಾನು ಒಪ್ಪಿದೀನಿ. ಈಗ ನೀವು ಕೇಳ್ಬೇಕು. ಬಾಯಿ ಬಿಟ್ಟು ಕೇಳ್ಬೇಕು."

ಫೋನ್ ತೆಗೆದು ಅಮ್ಮನಿಗೆ ಕರೆ ಮಾಡಿ ಅವನ ಕಡೆ ಚಾಚಿದಳು.

"ಎಲ್ಲಿದೀಯೇ? ಸೀರೆ ತೆಗೆದಿಟ್ಟಿದೀನಿ, ಬೇಗ ಬಾರೇ!" ಅತ್ತಲಿಂದ ಅಮ್ಮನ ದನಿ.

ಕಾಂತರಾಜು ಫೋನನ್ನೂ ಅವಳನ್ನೂ ನೋಡಿದ.

"ಅಮ್ಮಾ... ನಮಸ್ಕಾರ. ನಾನು ಕಾಂತರಾಜು ಅಂತ, ಬ್ಯಾಡರಹಳ್ಳಿ ಬೈರಪ್ಪನೋರ ಮಗ. ಮದುವೆಗಳಲ್ಲಿ ಡೋಲು ಬಾರಿಸ್ತೀನಿ, ವಚನಾ ಅವ್ರ ಕ್ಲಾಸಲ್ಲಿ ತಾಳ ಹಾಕ್ತೀನಿ. ನಿಮ್ಮ ಮಗಳು ಅಂದ್ರೆ ನಂಗೆ ಪ್ರಾಣ. ಇವತ್ತು ನಮ್ಮಪ್ಪನ ಕರ್ಕೊಂಡು ನಿಮ್ಮನೇಗೆ ಕೇಳೋಕೆ ಬರ್ಲಾ ಅಮ್ಮಾ?"

ಅತ್ತ ಕಡೆ ಬೀರುವಿನ ಬಾಗಿಲು ಮುಚ್ಚಿದ ಸದ್ದು.

"ವಚನಾ ಅಲ್ಲಿದಾಳಾ?"

"ಇದೀನಮ್ಮ. ಮಹಾಲಕ್ಷ್ಮಿ ಲೇಔಟಿನೋರಿಗೆ ಬರೋದು ಬೇಡ ಅಂತ ನಾನೇ ಫೋನ್ ಮಾಡಿ ಕ್ಷಮೆ ಕೇಳ್ತೀನಿ. ಇವ್ರನ್ನ ಬಿಟ್ಟು ನಂಗೆ ಬೇರೆ ಯಾರೂ ಬೇಡ."

ಅತ್ತಲಿಂದ ಒಂದು ದೊಡ್ಡ ನಿಟ್ಟುಸಿರು. "ಬರ್ಲಿ. ನಿಮ್ಮಪ್ಪನ ಹತ್ರ ಅವ್ರೇ ಮಾತಾಡ್ಬೇಕು, ನಾನಂತೂ ಆಡಲ್ಲ. ಆದ್ರೆ... ಇಷ್ಟು ನೇರವಾಗಿ ಕೇಳೋ ಹುಡುಗನ್ನ ನಾನು ನೋಡೇ ಇಲ್ಲ ಕಣೇ."

ಕೊನೆಯ ಪಂಕ್ತಿಗೆ ಎಲೆ ಹಾಕಿದ್ದರು. ವಚನಾ ಹೋಗಿ ವಾಲಗದವರ ಸಾಲಿನಲ್ಲೇ ಕೂತಳು. ಎಲೆಯ ಮುಂದಿದ್ದ ಬೈರಪ್ಪ ಹುಬ್ಬೇರಿಸಿ ಮಗನನ್ನು ನೋಡಿದರು.

"ಯಾರಪ್ಪಾ ಈಯಮ್ಮ?"

"ನಿನ್ನ ಸೊಸೆ ಕಣಪ್ಪಾ... ನೀನು ಹ್ಞೂಂ ಅಂದ್ರೆ."

ಬೈರಪ್ಪ ಅವಳ ಖಾಲಿ ಎಲೆ ನೋಡಿ, ಬಡಿಸುವವನನ್ನು ಕೂಗಿ ಕರೆದರು. "ಲೋ, ಇಲ್ಲಿ ಮೊದ್ಲು ಹೋಳಿಗೆ ಹಾಕೋ!"

ಕಾಂತರಾಜು ಅವಳ ಬಲಕ್ಕೆ ಕೂತ. ಮೇಜಿನ ಕೆಳಗೆ ಅವಳು ಮೆಲ್ಲಗೆ ತನ್ನ ಬಲಗೈಯಿಂದ ಅವನ ಎಡಗೈ ಹಿಡಿದುಕೊಂಡಳು.

"ಊಟ ಮಾಡಿ," ಎಂದಳು.

"ನೀವು?"

"ನಾನ್ ಹೇಗ್ ಮಾಡ್ಲಿ? ನನ್ ಬಲಗೈ ಬಿಡುವಾಗಿಲ್ಲ."

ಅವನು ಎಲೆಯ ಮೇಲಿನ ಹೋಳಿಗೆ ನೋಡಿದ, ಅವಳ ಮುಖ ನೋಡಿದ. ಬೆರಳುಗಳನ್ನು ಇನ್ನಷ್ಟು ಬಿಗಿಯಾಗಿ ಹೆಣೆದುಕೊಂಡ.

"ಹಂಗಾದ್ರೆ ನಂಗೂ ಹಸಿವಿಲ್ಲ."